ಬಿಸಿಲು ತಡೆ ಲೇಪನಗಳು (ಸನ್‌ಸ್ಕ್ರೀನ್): ದಿನಬಳಕೆಯಲ್ಲಿ ಘಟಕಗಳ ಸುರಕ್ಷತೆ

ಪೀಠಿಕೆ

ಸೂರ್ಯನ ನೇರಳಾತೀತ ಕಿರಣಗಳಿಂದ ಚರ್ಮವನ್ನು ರಕ್ಷಿಸಲು ಬಳಸುವ ಲೇಪನಗಳನ್ನು ಸನ್‌ಸ್ಕ್ರೀನ್ ಎಂದು ಕರೆಯಲಾಗುತ್ತದೆ. ವರ್ಷಕ್ಕೆ ಕೆಲವು ದಿನ ಮಾತ್ರ ಬಳಸುವ ವಸ್ತುವಿಗೂ, ದಶಕಗಳ ಕಾಲ ಪ್ರತಿನಿತ್ಯ ಹಚ್ಚಿಕೊಳ್ಳುವ ವಸ್ತುವಿಗೂ ಸುರಕ್ಷತೆಯ ಅಳತೆಗೋಲು ಒಂದೇ ಆಗಿರಲಾರದು. ಈ ಕಾರಣದಿಂದ ಹಲವು ದೇಶಗಳ ನಿಯಂತ್ರಣ ಸಂಸ್ಥೆಗಳು ಇವುಗಳ ಘಟಕಗಳನ್ನು ಪುನಃ ಪರಿಶೀಲನೆಗೆ ಒಳಪಡಿಸಿವೆ. ಈ ಪರಿಶೀಲನೆಯ ವಿಧಾನ, ಅದರ ಫಲಿತಾಂಶಗಳು ಹಾಗೂ ಬಳಕೆದಾರರು ಗಮನಿಸಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಘಟಕಗಳ ವಿಧಗಳು

1. ಖನಿಜ ಘಟಕಗಳು: ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್. ಇವು ಚರ್ಮದ ಮೇಲ್ಪದರದಲ್ಲಿಯೇ ಉಳಿದು ಕಿರಣಗಳನ್ನು ಹೀರುತ್ತವೆ ಹಾಗೂ ಸ್ವಲ್ಪ ಭಾಗವನ್ನು ಚದುರಿಸುತ್ತವೆ.

2. ಸಾವಯವ ರಾಸಾಯನಿಕ ಘಟಕಗಳು: ಏವೊಬೆಂಜೋನ್, ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್, ಆಕ್ಟೊಕ್ರೈಲಿನ್, ಹೋಮೊಸಲೇಟ್ ಮುಂತಾದವು. ಇವು ಕಿರಣಗಳನ್ನು ಹೀರಿ ಶಾಖವಾಗಿ ಪರಿವರ್ತಿಸುತ್ತವೆ.

"ರಾಸಾಯನಿಕ ಮುಕ್ತ" ಎಂಬ ಜಾಹೀರಾತಿಗೆ ವೈಜ್ಞಾನಿಕ ಅರ್ಥವಿಲ್ಲ. ಜಿಂಕ್ ಆಕ್ಸೈಡ್ ಸಹ ಒಂದು ರಾಸಾಯನಿಕ ಸಂಯುಕ್ತವೇ ಆಗಿದೆ.

ಸುರಕ್ಷತೆಯನ್ನು ನಿರ್ಧರಿಸುವ ವಿಧಾನ

ಒಂದು ವಸ್ತುವಿಗೆ ಹಾನಿ ಮಾಡುವ ಸಾಮರ್ಥ್ಯವಿದೆ ಎಂಬುದು ಒಂದು ವಿಷಯ. ಬಳಕೆಯ ಪ್ರಮಾಣದಲ್ಲಿ ಅದು ವಾಸ್ತವವಾಗಿ ಹಾನಿ ಮಾಡುತ್ತದೆಯೇ ಎಂಬುದು ಇನ್ನೊಂದು ವಿಷಯ. ಮೊದಲನೆಯದನ್ನು ಪ್ರಾಣಿಗಳ ಮೇಲಿನ ಪ್ರಯೋಗ ಹಾಗೂ ಪ್ರಯೋಗಾಲಯದ ಅಧ್ಯಯನಗಳಿಂದ ಅರಿಯಲಾಗುತ್ತದೆ. ಎರಡನೆಯದಕ್ಕೆ ದಿನಕ್ಕೆ ಎಷ್ಟು ಹಚ್ಚಲಾಗುತ್ತದೆ ಮತ್ತು ಅದರಲ್ಲಿ ಎಷ್ಟು ಭಾಗ ರಕ್ತವನ್ನು ಸೇರುತ್ತದೆ ಎಂಬ ಲೆಕ್ಕ ಅಗತ್ಯ. ಐರೋಪ್ಯ ಒಕ್ಕೂಟದ ವೈಜ್ಞಾನಿಕ ಸಮಿತಿಯು ದಿನಕ್ಕೆ 18 ಗ್ರಾಂ ಬಳಕೆಯನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ. ದೇಹವನ್ನು ಸೇರುವ ಪ್ರಮಾಣಕ್ಕೂ, ಪ್ರಾಣಿಗಳಲ್ಲಿ ದುಷ್ಪರಿಣಾಮ ಕಾಣದ ಪ್ರಮಾಣಕ್ಕೂ ನಡುವೆ ಸಾಮಾನ್ಯವಾಗಿ ಕನಿಷ್ಠ 100 ಪಟ್ಟು ಅಂತರವಿರಬೇಕೆಂದು ಅದು ಅಪೇಕ್ಷಿಸುತ್ತದೆ.

ಅಮೆರಿಕದ ಪರಿಶೀಲನೆ

ಅಮೆರಿಕದಲ್ಲಿ ಸನ್‌ಸ್ಕ್ರೀನ್‌ಗಳನ್ನು ಔಷಧಗಳ ವರ್ಗಕ್ಕೆ ಸೇರಿಸಲಾಗಿದೆ. ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು 2019ರ ಫೆಬ್ರವರಿಯಲ್ಲಿ ಪ್ರಕಟಿಸಿದ ಪ್ರಸ್ತಾವದಲ್ಲಿ 16 ಘಟಕಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿತು. ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಸುರಕ್ಷಿತ ಹಾಗೂ ಪರಿಣಾಮಕಾರಿ ಎಂದೂ, ಪಾಬಾ ಮತ್ತು ಟ್ರೋಲಮೈನ್ ಸ್ಯಾಲಿಸಿಲೇಟ್ ಅಂಗೀಕಾರಾರ್ಹವಲ್ಲ ಎಂದೂ, ಉಳಿದ 12 ಘಟಕಗಳ ಬಗ್ಗೆ ಹೆಚ್ಚಿನ ಮಾಹಿತಿ ಅಗತ್ಯವೆಂದೂ ತಿಳಿಸಿತು.

ಅದೇ ವರ್ಷ ಪ್ರಕಟವಾದ ಪರೀಕ್ಷೆಯೊಂದರಲ್ಲಿ 24 ಜನರಿಗೆ ದೇಹದ ಶೇ. 75 ಭಾಗಕ್ಕೆ ದಿನಕ್ಕೆ ನಾಲ್ಕು ಬಾರಿಯಂತೆ ನಾಲ್ಕು ದಿನ ಲೇಪನ ಹಚ್ಚಲಾಯಿತು. ಪರೀಕ್ಷಿಸಲಾದ ನಾಲ್ಕು ರಾಸಾಯನಿಕ ಘಟಕಗಳೂ ರಕ್ತದಲ್ಲಿ, ಪ್ರತಿ ಮಿಲಿಲೀಟರ್ ಪ್ಲಾಸ್ಮಾಕ್ಕೆ 0.5 ನ್ಯಾನೋಗ್ರಾಂ ಎಂಬ ಮಿತಿಯನ್ನು ಮೀರಿ ಕಂಡುಬಂದವು. ಈ ಮಿತಿಯು ವಿಷದ ಮಿತಿಯಲ್ಲ. ಇದನ್ನು ಮೀರಿದಲ್ಲಿ ಹೆಚ್ಚಿನ ಸುರಕ್ಷತಾ ಅಧ್ಯಯನ ನಡೆಸಬೇಕೆಂಬ ಸೂಚನೆ ಮಾತ್ರ. ರಕ್ತವನ್ನು ಸೇರುತ್ತದೆ ಎಂದ ಮಾತ್ರಕ್ಕೆ ಅಪಾಯಕಾರಿ ಎಂದು ತೀರ್ಮಾನಿಸುವಂತಿಲ್ಲವೆಂದು ಆ ಸಂಸ್ಥೆಯೇ ಸ್ಪಷ್ಟಪಡಿಸಿ, ಬಳಕೆಯನ್ನು ಮುಂದುವರಿಸುವಂತೆ ಸಲಹೆ ನೀಡಿತು. ಮಾಹಿತಿಯ ಕೊರತೆಯು ಹಾನಿಯ ಸಾಕ್ಷ್ಯವಲ್ಲ. ಅಂತೆಯೇ ಅದು ಸುರಕ್ಷತೆಯ ಸಾಕ್ಷ್ಯವೂ ಅಲ್ಲ.

ಐರೋಪ್ಯ ಒಕ್ಕೂಟದ ಮಿತಿಗಳು

ಪ್ರಾಣಿಗಳಲ್ಲಿ ಹಾರ್ಮೋನುಗಳ ಮೇಲೆ ಪರಿಣಾಮದ ಸೂಚನೆಗಳು ದೊರೆತ ಕಾರಣ ಐರೋಪ್ಯ ಒಕ್ಕೂಟವು ಕೆಲವು ಘಟಕಗಳ ಪ್ರಮಾಣವನ್ನು ಕಡಿಮೆ ಮಾಡಿತು. 2022ರ ನಿಯಮಗಳಂತೆ ಆಕ್ಸಿಬೆಂಜೋನ್ ಪ್ರಮಾಣವು ಮುಖ, ಕೈ ಮತ್ತು ತುಟಿಯ ಲೇಪನಗಳಲ್ಲಿ ಶೇ. 6ನ್ನೂ, ದೇಹಕ್ಕೆಲ್ಲ ಹಚ್ಚುವ ಲೇಪನಗಳಲ್ಲಿ ಶೇ. 2.2ನ್ನೂ ಮೀರುವಂತಿಲ್ಲ. ಹೋಮೊಸಲೇಟ್ ಅನ್ನು ಮುಖದ ಲೇಪನಗಳಲ್ಲಿ ಮಾತ್ರ, ಶೇ. 7.34ರವರೆಗೆ ಬಳಸಬಹುದು. ಒಂದೇ ಘಟಕಕ್ಕೆ ಎರಡು ಮಿತಿಗಳನ್ನು ವಿಧಿಸಿರುವುದಕ್ಕೆ ಕಾರಣ, ಹಚ್ಚುವ ಭಾಗದ ವಿಸ್ತಾರ ಹೆಚ್ಚಿದಂತೆ ದೇಹವನ್ನು ಸೇರುವ ಪ್ರಮಾಣವೂ ಹೆಚ್ಚುವುದೇ ಆಗಿದೆ.

ಖನಿಜ ಘಟಕಗಳಿಗೂ ಒಂದು ಎಚ್ಚರಿಕೆ ಅನ್ವಯಿಸುತ್ತದೆ. ಟೈಟಾನಿಯಂ ಡೈಆಕ್ಸೈಡ್ ಪುಡಿಯನ್ನು ಉಸಿರಿನ ಮೂಲಕ ಸೇವಿಸುವುದು ಹಾನಿಕರವಾಗಬಹುದು. ಆದ್ದರಿಂದ ಇದರ ಅತಿಸೂಕ್ಷ್ಮ ಕಣಗಳನ್ನು ಶ್ವಾಸಕೋಶಕ್ಕೆ ತಲುಪುವಂತಹ ಸ್ಪ್ರೇಗಳಲ್ಲಿ ಬಳಸಲು ಐರೋಪ್ಯ ಒಕ್ಕೂಟದಲ್ಲಿ ಅವಕಾಶವಿಲ್ಲ.

ದಿನಬಳಕೆಯ ಪ್ರಯೋಜನ

ಸುರಕ್ಷತೆಯನ್ನು ಪ್ರಯೋಜನದೊಡನೆ ತೂಗಿ ನೋಡುವುದು ಅವಶ್ಯಕ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ನಂಬೂರ್ ಪಟ್ಟಣದಲ್ಲಿ 1992ರಿಂದ ಸುಮಾರು ನಾಲ್ಕೂವರೆ ವರ್ಷ, 1,600ಕ್ಕೂ ಹೆಚ್ಚು ವಯಸ್ಕರ ಮೇಲೆ ಅಧ್ಯಯನ ನಡೆಯಿತು. ಪ್ರತಿದಿನ ಲೇಪನ ಹಚ್ಚಿಕೊಂಡವರ ಗುಂಪಿನಲ್ಲಿ ಸ್ಕ್ವಾಮಸ್ ಕೋಶದ ಚರ್ಮ ಕ್ಯಾನ್ಸರ್ ಸುಮಾರು ಶೇ. 40ರಷ್ಟು ಕಡಿಮೆ ಕಂಡುಬಂದಿತು.

ಆದರೆ ಈ ಫಲಿತಾಂಶವು ಬಹುತೇಕ ಬಿಳಿ ಚರ್ಮದ ಜನರಿಗೆ ಸಂಬಂಧಿಸಿದ್ದು. ಭಾರತೀಯರ ಚರ್ಮದಲ್ಲಿ ಮೆಲನಿನ್ ವರ್ಣಕ ಹೆಚ್ಚಾಗಿರುವುದರಿಂದ ಚರ್ಮ ಕ್ಯಾನ್ಸರ್ ಇಲ್ಲಿ ವಿರಳ. ಇಲ್ಲಿ ಬಂಗು, ಕಪ್ಪು ಕಲೆಗಳು ಮತ್ತು ಬಿಸಿಲಿನ ಅಲರ್ಜಿ ಇರುವವರಿಗೆ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ. ಹುಟ್ಟಿನಿಂದಲೇ ಚರ್ಮದಲ್ಲಿ ವರ್ಣಕವಿಲ್ಲದವರಿಗೆ ಹಾಗೂ ತೊನ್ನು ಇರುವವರಿಗೆ ಬಿಸಿಲಿನಿಂದ ರಕ್ಷಣೆ ಅತ್ಯಗತ್ಯ. ಹೊಲಗದ್ದೆಗಳಲ್ಲಿ ದುಡಿಯುವವರಿಗೆ ತುಂಬು ತೋಳಿನ ಬಟ್ಟೆ, ತಲೆವಸ್ತ್ರ ಮತ್ತು ನೆರಳು ಇವೇ ಮೊದಲ ರಕ್ಷಣೆ.

ಭಾರತದ ಕಾನೂನು

ಭಾರತದಲ್ಲಿ ಸನ್‌ಸ್ಕ್ರೀನ್‌ಗಳನ್ನು ಸಾಮಾನ್ಯವಾಗಿ ಕಾಂತಿವರ್ಧಕಗಳೆಂದು ಪರಿಗಣಿಸಲಾಗುತ್ತದೆ. ಇವು ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮ, 1940 ಹಾಗೂ ಕಾಂತಿವರ್ಧಕಗಳ ನಿಯಮಗಳು, 2020ರ ವ್ಯಾಪ್ತಿಗೆ ಒಳಪಡುತ್ತವೆ. ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಅಂತಿಮ ದಿನಾಂಕ ಹಾಗೂ ಘಟಕಗಳ ಪಟ್ಟಿಯನ್ನು ಮುದ್ರಿಸತಕ್ಕದ್ದು. ಇಲ್ಲಿ ತಯಾರಾದವುಗಳ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆಯೂ ಇರತಕ್ಕದ್ದು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಘಟಕಗಳ ಪಟ್ಟಿಯಿಲ್ಲದ ಲೇಪನಗಳನ್ನು ಖರೀದಿಸಬಾರದು. ಪಟ್ಟಿಯಲ್ಲಿ ಆಕ್ಸಿಬೆಂಜೋನ್ ಅನ್ನು "ಬೆಂಜೊಫಿನೋನ್-3" ಎಂದೂ ನಮೂದಿಸಿರುತ್ತಾರೆ.

2. ಪ್ರತಿನಿತ್ಯ ಬಳಸುವವರು, ಗರ್ಭಿಣಿಯರು ಹಾಗೂ ಮಕ್ಕಳಿಗೆ ಖನಿಜ ಘಟಕಗಳಿರುವ ಕ್ರೀಮ್ ಸೂಕ್ತ ಆಯ್ಕೆಯಾಗಿದೆ.

3. ಆರು ತಿಂಗಳೊಳಗಿನ ಶಿಶುಗಳನ್ನು ನೆರಳು ಮತ್ತು ಬಟ್ಟೆಯಿಂದಲೇ ರಕ್ಷಿಸಬೇಕು.

4. ಎಸ್‌ಪಿಎಫ್ 30 ಇರುವ ಲೇಪನವು ಸುಮಾರು ಶೇ. 97ರಷ್ಟು ಯುವಿ-ಬಿ ಕಿರಣಗಳನ್ನೂ, ಎಸ್‌ಪಿಎಫ್ 50 ಇರುವುದು ಸುಮಾರು ಶೇ. 98ರಷ್ಟನ್ನೂ ತಡೆಯುತ್ತದೆ. ಅತಿ ಹೆಚ್ಚಿನ ಸಂಖ್ಯೆಗಾಗಿ ಹೆಚ್ಚು ಹಣ ತೆರುವ ಅಗತ್ಯವಿಲ್ಲ. ಯುವಿ-ಎ ಕಿರಣಗಳಿಂದಲೂ ರಕ್ಷಣೆ ಇದೆಯೇ ಎಂಬುದನ್ನು ನೋಡಬೇಕು.

5. ಸ್ಪ್ರೇಗಳನ್ನು ಮುಖಕ್ಕೆ ನೇರವಾಗಿ ಸಿಂಪಡಿಸಬಾರದು.

6. ತುರಿಕೆ, ಉರಿ ಅಥವಾ ಗುಳ್ಳೆಗಳು ಕಾಣಿಸಿಕೊಂಡಲ್ಲಿ ಬಳಕೆ ನಿಲ್ಲಿಸಿ, ಲೇಪನದ ಡಬ್ಬಿಯೊಂದಿಗೆ ಚರ್ಮರೋಗ ತಜ್ಞರನ್ನು ಕಾಣಬೇಕು.

7. ಅವಧಿ ಮೀರಿದ ಅಥವಾ ಪರವಾನಗಿ ಸಂಖ್ಯೆಯಿಲ್ಲದ ಸ್ಥಳೀಯ ಲೇಪನಗಳ ಮಾರಾಟ ಕಂಡುಬಂದಲ್ಲಿ ಸ್ಥಳೀಯ ಔಷಧ ನಿಯಂತ್ರಣ ಅಧಿಕಾರಿಗಳ ಗಮನಕ್ಕೆ ತರುವುದು.