ಬೀಜದ ಕರಿದ್ರಾಕ್ಷಿ ಬಂದ ದಾರಿ

ಅಸೂಟಿ ಅಂದರೆ ಜೋಳ, ಕಡಲೆ, ಗೋಧಿ, ಉಳ್ಳಾಗಡ್ಡಿ. ದ್ರಾಕ್ಷಿ ನಮಗೆ ರೋಣದ ತಳ್ಳುಗಾಡಿಯ ಹಣ್ಣು. ಬೇಸಿಗೆ ಹತ್ತಿರ ಬಂದಾಗ ವಿಜಯಪುರ, ಬಾಗಲಕೋಟೆ ಕಡೆಯ ಬೀಜವಿಲ್ಲದ ಹಸಿರು ದ್ರಾಕ್ಷಿ ಬರುತ್ತದೆ. ಅಪರೂಪಕ್ಕೆ ಬೆಂಗಳೂರು ಕಡೆಯ ಕರಿದ್ರಾಕ್ಷಿಯೂ ಬರುತ್ತದೆ. ಅದರ ಸಿಪ್ಪೆ ದಪ್ಪ, ಒಳಗೆ ಬೀಜ, ವಾಸನೆಯಂತೂ ಗಾಡಿ ದಾಟಿ ಹೋದರೂ ಮೂಗಿನಲ್ಲಿ ಉಳಿಯುತ್ತದೆ. ಮಕ್ಕಳು ರಸ ಹೀರಿ ಸಿಪ್ಪೆ ಉಗುಳುತ್ತಾರೆ. ಅಗ್ಗದ ಹಣ್ಣು ಎಂದು ನಾವೂ ಬಹಳ ದಿನ ಅದನ್ನು ಕಡೆಗಣಿಸಿದ್ದೆವು.

ಅದರ ಚರಿತ್ರೆ ಹುಡುಕುತ್ತಾ ಹೋದಾಗ ಅಟ್ಲಾಂಟಿಕ್ ಸಮುದ್ರದ ನಡುವಿನ ಒಂದು ದ್ವೀಪಕ್ಕೆ ಹೋಗಿ ಮುಟ್ಟಿದೆವು. ದಾರಿಯಲ್ಲಿ ವೈನ್ ವಿಷಯ ಬರುತ್ತದೆ. ಕುಡಿಯಿರಿ ಎಂದು ಹೇಳುವುದಕ್ಕಲ್ಲ, ದ್ರಾಕ್ಷಿಯ ಚರಿತ್ರೆಯನ್ನು ವೈನ್ ಬಿಟ್ಟು ಬರೆಯಲು ಬರುವುದಿಲ್ಲ, ಅಷ್ಟೇ.

ನಮ್ಮ ನೆಲಕ್ಕೆ ದ್ರಾಕ್ಷಿ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ರಾಕ್ಷಾರಸದ ಮದ್ಯಕ್ಕೆ ‘ಮಧು’ ಎಂಬ ಹೆಸರಿದೆ. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಪೇಟೆಯಲ್ಲಿ ದ್ರಾಕ್ಷಿ, ದಾಳಿಂಬೆ, ಕಿತ್ತಳೆ ಕಂಡದ್ದನ್ನು ಬರೆದಿಟ್ಟಿದ್ದಾನೆ. ಒಂದು ಪಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಹತ್ತು ದಾಳಿಂಬೆ ಎಂದು ಬೆಲೆಯನ್ನೂ ಹೇಳುತ್ತಾನೆ. ತಳಿಯ ಹೆಸರನ್ನು ಮಾತ್ರ ಬರೆದಿಲ್ಲ. ಬೆಲೆ ಉಳಿಯಿತು, ಹೆಸರು ಹೋಯಿತು.

ಹೆಸರು ಹೋದರೇನಾಯಿತು ಅನ್ನಬಹುದು. ಜೋಳದ ವಿಷಯವಾದರೆ ಒಳ್ಳೆಯ ತೆನೆ ಆರಿಸಿ ಬೀಜ ಕಟ್ಟಿಡುತ್ತೇವೆ, ಮುಂದಿನ ವರ್ಷ ಹೆಚ್ಚುಕಡಿಮೆ ಅದೇ ಜೋಳ ಬರುತ್ತದೆ. ದ್ರಾಕ್ಷಿ ಹಾಗಲ್ಲ. ಬೀಜ ಹಾಕಿದರೆ ತಾಯಿಯಂಥ ಹಣ್ಣು ಬರುವುದಿಲ್ಲ, ಬೇರೆಯದೇ ಬರುತ್ತದೆ. ಅದಕ್ಕೇ ಕಡ್ಡಿ ನೆಡಬೇಕು, ಇಲ್ಲವೇ ಕಸಿ ಕಟ್ಟಬೇಕು. ಇಂದು ಚಾಲ್ತಿಯಲ್ಲಿರುವ ಹಳೆಯ ತಳಿಗಳೆಲ್ಲ ನೂರಾರು ವರ್ಷಗಳಿಂದ ಕಡ್ಡಿಯಿಂದ ಕಡ್ಡಿಗೆ ನಡೆದು ಬಂದವು. ನಾವು ‘ಥಾಮ್ಸನ್’ ಎಂದು ಕರೆಯುವ ಹಸಿರು ದ್ರಾಕ್ಷಿಯೂ ಹಾಗೆಯೇ. ಥಾಮ್ಸನ್ ಎಂಬಾತ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಬೆಳೆಸಿದ್ದು 1870ರ ದಶಕದಲ್ಲಿ. ಆದರೆ ತಳಿ ಅದಕ್ಕಿಂತ ಬಹಳ ಹಳೆಯದು, ಪಶ್ಚಿಮ ಏಷ್ಯಾದ ಕಿಶ್ಮಿಶ್. ಹಗೇವಿನಲ್ಲಿ ತುಂಬಿಟ್ಟು ಕಾಯಲು ದ್ರಾಕ್ಷಿಗೆ ಬರುವುದಿಲ್ಲ. ಕೊನೆಯ ಬಳ್ಳಿ ಕಡಿದ ದಿನ ತಳಿ ಮುಗಿಯಿತು.

ಈಗ ದ್ವೀಪದ ಕಥೆ. ಪಾಯೆಸ್ ಹಂಪಿಗೆ ಬರುವ ಹೊತ್ತಿಗೆ ಅವನ ದೇಶದವರು ಅಝೋರ್ಸ್ ದ್ವೀಪಗಳಲ್ಲಿ ನೆಲೆಸಿ ಆಗಿತ್ತು. ಅವುಗಳಲ್ಲಿ ಪೀಕೋ ಒಂದು. ಜ್ವಾಲಾಮುಖಿ ಕಾರಿದ ಕರಿಕಲ್ಲಿನ ನೆಲ. ನಮ್ಮಲ್ಲಿ ಎರೆಮಣ್ಣು ಆಳುದ್ದ ಇದ್ದರೆ ಅಲ್ಲಿ ಮಣ್ಣೇ ಅಪರೂಪ. ಎದುರಿನ ಫಯಾಲ್ ದ್ವೀಪದಿಂದ ಮಣ್ಣು ತಂದು, ಕಲ್ಲಿನ ಬಿರುಕಿಗೆ ಹಾಕಿ ಬಳ್ಳಿ ನೆಟ್ಟರು. ಉಪ್ಪುಗಾಳಿ ತಡೆಯಲು ಸುತ್ತ ಗಾರೆಯಿಲ್ಲದ ಕಲ್ಲಿನ ಗೋಡೆ ಕಟ್ಟಿದರು. ಹಗಲು ಕಾದ ಕಲ್ಲು ರಾತ್ರಿ ಬಳ್ಳಿಗೆ ಬಿಸಿ ಕೊಡುತ್ತದೆ. ಒಂದೊಂದು ಗೋಡೆಯೊಳಗೆ ಕೆಲವೇ ಬಳ್ಳಿಗಳು. ಇಂಥ 987 ಹೆಕ್ಟೇರ್ ನೆಲವನ್ನು ಯುನೆಸ್ಕೊ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ವೆರ್ದೆಲ್ಯೊ, ಅರಿಂಟೊ, ತೆರಾಂತೆಝ್ ಅಲ್ಲಿನ ಹಳೆಯ ತಳಿಗಳು. ಅವುಗಳ ವೈನ್ ಹಡಗು ಹತ್ತಿ ದೂರದೂರ ಹೋಗುತ್ತಿತ್ತು.

1850ರ ದಶಕದಲ್ಲಿ ಅಲ್ಲಿಗೆ ಬೂದಿ ರೋಗ ಬಂತು. 1870ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಹೇನು ಬಂತು. ಎರಡೂ ಅಮೆರಿಕದಿಂದ ಬಂದವು. ಯುರೋಪಿನ ಬಳ್ಳಿಗಳಿಗೆ ತಡೆದುಕೊಳ್ಳಲು ಆಗಲಿಲ್ಲ, ತೋಟಗಳು ಹಾಳಾದವು, ಬಹಳ ಜನ ದ್ವೀಪ ಬಿಟ್ಟು ಗುಳೆ ಹೋದರು. ಗುಳೆ ಎಂಬ ಮಾತನ್ನು ನಮ್ಮ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರು ರೋಗಕ್ಕೆ ಜಗ್ಗದ ಅಮೆರಿಕದ ಬಳ್ಳಿ ತಂದು ನೆಟ್ಟರು. ಅದರ ಹೆಸರು ಇಸಾಬೆಲ್ಲಾ. ಹಣ್ಣು ಕಪ್ಪು, ಸಿಪ್ಪೆ ದಪ್ಪ, ವಾಸನೆ ಜೋರು. ಅದರ ವೈನ್‌ಗೆ ದ್ವೀಪದವರು ಇಟ್ಟ ಹೆಸರೇ ‘ವಾಸನೆಯ ವೈನ್’.

ನಮ್ಮ ತಳ್ಳುಗಾಡಿಯ ಕರಿದ್ರಾಕ್ಷಿ, ಅಂದರೆ ‘ಬೆಂಗಳೂರು ಬ್ಲೂ’, ಈ ಇಸಾಬೆಲ್ಲಾ ವಂಶದ್ದು ಎನ್ನುತ್ತಾರೆ ತಜ್ಞರು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ರೈತರು ಇದನ್ನು ಸುಮಾರು ನೂರೈವತ್ತು ವರ್ಷಗಳಿಂದ ಬೆಳೆಯುತ್ತಿದ್ದಾರೆ. ವರ್ಷಕ್ಕೆ ಎರಡು ಬೆಳೆ ಬರುತ್ತದೆ, ರೋಗ ಕಡಿಮೆ.

ಯುರೋಪಿನಲ್ಲಿ ಇಸಾಬೆಲ್ಲಾಗೆ ಮರ್ಯಾದೆ ಸಿಗಲಿಲ್ಲ. ಫ್ರಾನ್ಸ್ 1934ರ ಕಾನೂನಿನಲ್ಲಿ ನಿಷೇಧಿಸಿದ ಆರು ತಳಿಗಳಲ್ಲಿ ಇದೂ ಒಂದು. ಇಲ್ಲಿ ಅದೇ ವಂಶದ ಹಣ್ಣಿಗೆ 2013ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಪೀಕೋದವರಿಗೆ ಅದು ಹಳೆಯ ತಳಿಗಳ ಜಾಗ ಹಿಡಿದ ಹೊರಗಿನ ಬಳ್ಳಿ, ದೇವನಹಳ್ಳಿಯವರಿಗೆ ಅಜ್ಜನ ಕಾಲದ ಬಳ್ಳಿ. ಯಾವುದು ನಾಟಿ, ಯಾವುದು ಪರದೇಶಿ ಎಂದು ಜಗಳ ತೆಗೆಯುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು. ವಿಜಯಪುರದ ದ್ರಾಕ್ಷಿ ಬೆಳೆಗಾರರನ್ನೇ ಕೇಳಿ: ಮೇಲೆ ಥಾಮ್ಸನ್ ಕಸಿ, ಕೆಳಗೆ ಡಾಗ್‌ರಿಡ್ಜ್ ಬೇರು. ಆ ಬೇರು ಟೆಕ್ಸಾಸ್ ಮೂಲದ್ದು. ಉಪ್ಪುನೀರು, ಬರ ಎರಡನ್ನೂ ತಡೆಯುತ್ತದೆ ಎಂದು ತಂದದ್ದು.

ಪೀಕೋದಲ್ಲಿ ಹಳೆಯ ತಳಿ ಪೂರ್ತಿ ಹೋಗಲಿಲ್ಲ. ಯಾರದೋ ಗೋಡೆಯ ಸಂದಿಯಲ್ಲಿ ಅಷ್ಟಿಷ್ಟು ಉಳಿದಿತ್ತು. ಅಳಿವಿನ ಅಂಚಿಗೆ ಹೋಗಿದ್ದ ತೆರಾಂತೆಝ್‌ನ ಕಡ್ಡಿಗಳನ್ನು ಈಚಿನ ವರ್ಷಗಳಲ್ಲಿ ಹುಡುಕಿ, ಸಸಿ ಮಾಡಿ, ಮತ್ತೆ ಅದೇ ಕಲ್ಲಿನ ನಡುವೆ ನೆಟ್ಟಿದ್ದಾರೆ. ಈಗ ಅದರ ವೈನ್ ಸ್ವಲ್ಪವೇ ಆಗುತ್ತದೆ, ಬೆಲೆ ಜೋರು. ಉಳಿಸಿದವರು ಮೊದಲು ಲಾಭ ನೋಡಿ ಉಳಿಸಿದ್ದಲ್ಲ, ಬಳ್ಳಿ ಕಡಿಯಲು ಮನಸ್ಸಾಗದೆ ಬಿಟ್ಟಿದ್ದು ಎಂದೇ ನಮಗೆ ಅನಿಸುತ್ತದೆ.

ಬೆಂಗಳೂರು ಬ್ಲೂಗೆ ರೋಗದ ಭಯ ಅಷ್ಟಿಲ್ಲ, ನೆಲದ ಬೆಲೆಯ ಭಯ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲಿನ ತೋಟಗಳು ಸೈಟುಗಳಾಗುತ್ತಿವೆ. ರಾಜ್ಯ ಸರ್ಕಾರ 2007ರಲ್ಲೇ ವೈನ್ ನೀತಿ ತಂದಿತು. ಆದರೆ ದೊಡ್ಡ ಬೆಲೆಯ ಬಾಟಲಿಗಳಿಗೆ ಬೇಕಾಗಿದ್ದು ಫ್ರಾನ್ಸಿನ ತಳಿಗಳು. ಕರಿದ್ರಾಕ್ಷಿಗೆ ಸಿಕ್ಕಿದ್ದು ಜ್ಯೂಸು, ಜಾಮು, ಅಗ್ಗದ ಸಿಹಿ ವೈನು.

ನಮ್ಮ ರೋಣ ಸೀಮೆಯಲ್ಲಿ ಇಂಥ ಲೆಕ್ಕ ಹಾಕಬೇಕಾದದ್ದು ಜವೆ ಗೋಧಿಯದು. ಮಾದಲಿಗೆ, ಹುಗ್ಗಿಗೆ ಅದೇ ಬೇಕು ಎನ್ನುವ ಅಜ್ಜಿಯಂದಿರು ಇನ್ನೂ ಇದ್ದಾರೆ. ನಿಮ್ಮ ಮನೆಯಲ್ಲಿ ಅದರ ಬೀಜ ಇದ್ದರೆ, ಅದು ಯಾರ ಮನೆಯಿಂದ ಬಂತು, ಹಿರಿಯರು ಅದನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿ ನಮಗೆ ಬರೆದು ಕಳಿಸಿ. ಪಾಯೆಸ್ ಬಿಟ್ಟುಹೋದ ಕಾಲಂ ಅದೊಂದೇ.