ಸಮವಸ್ತ್ರ ಯಾರಿಗಾಗಿ ಹುಟ್ಟಿತು?

ಶಾಲೆ ಆರಂಭವಾಗುವ ದಿನಗಳು ಬಂತೆಂದರೆ ನಮ್ಮ ಊರುಗಳ ಬಟ್ಟೆ ಅಂಗಡಿಗಳಲ್ಲೂ ಟೈಲರುಗಳ ಬಳಿಯೂ ಒಂದೇ ಗಡಿಬಿಡಿ. ಮಕ್ಕಳ ಯೂನಿಫಾರ್ಮ್ ಆಗಬೇಕು, ಶಾಲೆಯ ಬಾಗಿಲು ತೆರೆಯುವ ಮೊದಲೇ ಆಗಬೇಕು. ಶಾಲೆ ಎಂದ ಮೇಲೆ ಸಮವಸ್ತ್ರ ಇರಲೇಬೇಕು ಎಂದು ನಾವೆಲ್ಲರೂ ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಈ ಪದ್ಧತಿ ಎಲ್ಲಿಂದ ಬಂತು, ಯಾರಿಗಾಗಿ ಬಂತು ಎಂದು ಎಂದಾದರೂ ಯೋಚಿಸಿದ್ದೀರಾ? ಸರಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರ ಬೇಕೇ, ಬೇಡವೇ ಎಂಬ ಚರ್ಚೆ ಅನೇಕ ದೇಶಗಳಲ್ಲಿ ನಡೆದಿದೆ. ನಮ್ಮ ರಾಜ್ಯದಲ್ಲಿ 2022ರಲ್ಲಿ ಅದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಆಗ ಕಾನೂನಿನ ಮಾತು ಬಂತು, ರಾಜಕೀಯದ ಮಾತು ಬಂತು. ಸಮವಸ್ತ್ರದ ಚರಿತ್ರೆಯ ಮಾತು ಮಾತ್ರ ಅಷ್ಟಾಗಿ ಬರಲಿಲ್ಲ. ಆ ಚರಿತ್ರೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ನಿಮ್ಮ ಮುಂದಿಡುತ್ತೇನೆ.

ಶಾಲಾ ಸಮವಸ್ತ್ರದ ಕಥೆ ಹೇಳುವವರು ಸಾಮಾನ್ಯವಾಗಿ ಲಂಡನ್ನಿನ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯಿಂದ ಆರಂಭಿಸುತ್ತಾರೆ. ಹೆಸರಿನಲ್ಲಿ ಹಾಸ್ಪಿಟಲ್ ಎಂದಿದ್ದರೂ ಅದು ಆಸ್ಪತ್ರೆಯಲ್ಲ. ಆ ಕಾಲದ ಇಂಗ್ಲಿಷಿನಲ್ಲಿ ನಿರ್ಗತಿಕರ ಆಶ್ರಯಧಾಮಕ್ಕೂ ಅದೇ ಪದ. 1552ರಲ್ಲಿ ಆರನೇ ಎಡ್ವರ್ಡ್ ದೊರೆಯ ಆಳ್ವಿಕೆಯಲ್ಲಿ, ಮುಚ್ಚಿಹೋಗಿದ್ದ ಒಂದು ಕ್ರೈಸ್ತ ಮಠದ ಕಟ್ಟಡದಲ್ಲಿ, ಬೀದಿಪಾಲಾಗಿದ್ದ ಸುಮಾರು 380 ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳ ವ್ಯವಸ್ಥೆ ಮಾಡಲಾಯಿತು. ಮೈಮುಚ್ಚಲು ಬಟ್ಟೆಯಿಲ್ಲದ ಮಕ್ಕಳಿಗೆ ಮೊದಲು ಬೇಕಾದದ್ದು ಬಟ್ಟೆ. ಎಲ್ಲರಿಗೂ ಒಂದೇ ಬಗೆಯ ಬಟ್ಟೆ ಹೊಲಿಸಿದರು. ಮರುವರ್ಷವೇ ಅದು ಉದ್ದನೆಯ ನೀಲಿ ನಿಲುವಂಗಿಯಾಯಿತು. ಆ ಶಾಲೆ 1902ರಲ್ಲಿ ಸಸೆಕ್ಸ್ ಪ್ರಾಂತ್ಯಕ್ಕೆ ಸ್ಥಳಾಂತರಗೊಂಡರೂ ಅಲ್ಲಿನ ವಿದ್ಯಾರ್ಥಿಗಳು ಇಂದಿಗೂ ಅದೇ ನೀಲಿ ನಿಲುವಂಗಿ ತೊಡುತ್ತಾರೆ. ಅದನ್ನು ಶಾಲೆಯೇ ಉಚಿತವಾಗಿ ಕೊಡುತ್ತದೆ.

ಹದಿನೇಳು, ಹದಿನೆಂಟನೇ ಶತಮಾನಗಳಲ್ಲಿ ಇಂಗ್ಲೆಂಡಿನ ಊರೂರುಗಳಲ್ಲಿ ಇಂತಹ ಧರ್ಮಾರ್ಥ ಶಾಲೆಗಳು ಹುಟ್ಟಿಕೊಂಡವು. ನೀಲಿ ಕೋಟಿನ ಶಾಲೆ, ಹಸಿರು ಕೋಟಿನ ಶಾಲೆ, ಬೂದು ಕೋಟಿನ ಶಾಲೆ ಎಂದು ಬಟ್ಟೆಯ ಬಣ್ಣದಿಂದಲೇ ಅವುಗಳನ್ನು ಕರೆಯುತ್ತಿದ್ದರು. ದಾನಿಗಳು ಬಟ್ಟೆ ಕೊಟ್ಟರು, ಮಕ್ಕಳು ಓದಿದರು. ಆದರೆ ಇನ್ನೊಂದು ಮುಖವನ್ನೂ ಮರೆಯಬಾರದು. ಆ ಬಟ್ಟೆ ತೊಟ್ಟ ಮಗು ಬೀದಿಯಲ್ಲಿ ಹೋದರೆ ಅದು ದಾನದಲ್ಲಿ ಬೆಳೆಯುವ ಮಗು ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಮಗು ತನ್ನ ಸ್ಥಾನವನ್ನು ಮರೆಯದಿರಲಿ ಎಂಬ ಆಶಯವೂ ಅದರಲ್ಲಿತ್ತು. ಹೀಗೆ ಹುಟ್ಟಿನಿಂದಲೇ ಸಮವಸ್ತ್ರಕ್ಕೆ ಎರಡು ಕೆಲಸ ಅಂಟಿಕೊಂಡವು: ಒಂದು, ಮಗುವನ್ನು ಶಾಲೆಯ ಒಳಗೆ ಕರೆತರುವುದು, ಇನ್ನೊಂದು, ಅದಕ್ಕೊಂದು ಗುರುತು ಹಚ್ಚುವುದು. ಮುಂದಿನ ಚರಿತ್ರೆಯೆಲ್ಲ ಈ ಎರಡರ ನಡುವಿನ ಜಗ್ಗಾಟವೇ ಆಗಿದೆ.

ಹತ್ತೊಂಬತ್ತನೇ ಶತಮಾನದಲ್ಲಿ ಕಥೆ ತಿರುವು ಪಡೆಯಿತು. ಈಟನ್, ಹ್ಯಾರೋ ಮುಂತಾದ ಶ್ರೀಮಂತರ ಶಾಲೆಗಳು ಕೋಟು, ಟೈ, ಟೋಪಿಗಳ ಸಮವಸ್ತ್ರವನ್ನು ರೂಢಿಸಿಕೊಂಡವು. ಬಡವರ ಗುರುತಾಗಿದ್ದದ್ದು ಸಿರಿವಂತರ ಗುರುತಾಯಿತು. ಅದನ್ನು ನೋಡಿ ಉಳಿದ ಶಾಲೆಗಳೂ ಅನುಕರಿಸಿದವು. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯ್ದೆ ಪ್ರೌಢಶಿಕ್ಷಣವನ್ನು ಉಚಿತಗೊಳಿಸಿತು. ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಒಳ್ಳೆಯ ಶಾಲೆಯಲ್ಲಿ ಸೀಟು ಪಡೆದರೂ ಸಮವಸ್ತ್ರದ ಖರ್ಚು ಭರಿಸಲಾಗದೆ ಹಿಂದೆ ಸರಿದ ಕಾರ್ಮಿಕರ ಮಕ್ಕಳು ಇದ್ದರು. ಫೀಸು ಇಲ್ಲದ ಶಾಲೆಗೆ ಬಟ್ಟೆಯೇ ಫೀಸಾಯಿತು! ಈ ಸಮಸ್ಯೆ ಎಷ್ಟು ಕಾಲ ಉಳಿಯಿತೆಂದರೆ, ಶಾಲೆಗಳು ಸಮವಸ್ತ್ರದ ಖರ್ಚನ್ನು ಹಿಡಿತದಲ್ಲಿಡಬೇಕೆಂದು ಅಲ್ಲಿನ ಸಂಸತ್ತು 2021ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು.

ನಮ್ಮ ದೇಶಕ್ಕೆ ಈ ಪದ್ಧತಿ ಬ್ರಿಟಿಷರ ಕಾಲದಲ್ಲಿ, ಮುಖ್ಯವಾಗಿ ಮಿಶನರಿ ಮತ್ತು ಕಾನ್ವೆಂಟ್ ಶಾಲೆಗಳ ಮೂಲಕ ಬಂತು. ಅಲಿಘರ್‌ನಲ್ಲಿ ಸರ್ ಸಯ್ಯದ್ ಅಹ್ಮದ್ ಖಾನ್ 1875ರಲ್ಲಿ ಆರಂಭಿಸಿದ ವಿದ್ಯಾಸಂಸ್ಥೆಯನ್ನೂ ಇಲ್ಲಿ ನೆನೆಯಬೇಕು. ಅಲ್ಲಿನ ವಿದ್ಯಾರ್ಥಿಗಳು ತುರ್ಕಿ ಮಾದರಿಯ ಕಪ್ಪು ಕೋಟು, ಕೆಂಪು ಟೋಪಿ ತೊಟ್ಟರು. ಮುಂದೆ ಕಪ್ಪು ಶೇರ್ವಾನಿ ಅಲಿಘರ್‌ನ ಗುರುತೇ ಆಯಿತು. ಬೇರೆ ಬೇರೆ ಪ್ರಾಂತ್ಯಗಳಿಂದ ಬಂದ ಹುಡುಗರು ಒಂದೇ ಹಾಸ್ಟೆಲಿನಲ್ಲಿ, ಒಂದೇ ಉಡುಪಿನಲ್ಲಿ ಬೆಳೆದರು. ಹೊಸ ವಿದ್ಯೆಗೂ ತಮ್ಮ ಸಂಪ್ರದಾಯದ ಉಡುಪಿಗೂ ಜಗಳವಿಲ್ಲವೆಂದು ಆ ಸಂಸ್ಥೆ ತೋರಿಸಿಕೊಟ್ಟಿತು.

ಇನ್ನು ಅಮೆರಿಕಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ಶ್ರೀಮಂತರ ಖಾಸಗಿ ಶಾಲೆ. ಅಮೆರಿಕದಲ್ಲಿ ಅದೇ ಹೆಸರು ಸರಕಾರಿ ಶಾಲೆಗೆ. ಅಲ್ಲಿನ ಸರಕಾರಿ ಶಾಲೆಗಳಲ್ಲಿ ಬಹುಕಾಲ ಸಮವಸ್ತ್ರವೇ ಇರಲಿಲ್ಲ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಮಕ್ಕಳನ್ನು ಶಾಲೆಯಿಂದ ಹೊರಗಿಟ್ಟ ಪ್ರಕರಣದಲ್ಲಿ, ಶಾಲೆಯ ಗೇಟು ದಾಟಿದ ಮಾತ್ರಕ್ಕೆ ಮಕ್ಕಳ ಅಭಿವ್ಯಕ್ತಿಯ ಹಕ್ಕು ಕಳೆದುಹೋಗುವುದಿಲ್ಲ ಎಂದು 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಸಮವಸ್ತ್ರದ ದೊಡ್ಡ ಪ್ರಯೋಗ ನಡೆದದ್ದು 1994ರಲ್ಲಿ, ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ನಗರದಲ್ಲಿ. ಬೀದಿ ಗ್ಯಾಂಗುಗಳ ಬಣ್ಣದ ಬಟ್ಟೆಗಳು ಶಾಲೆಯೊಳಗೂ ಹೊಡೆದಾಟ ತಂದಾಗ ಅಲ್ಲಿ ಸಮವಸ್ತ್ರ ಕಡ್ಡಾಯವಾಯಿತು; ಒಪ್ಪದ ಪೋಷಕರಿಗೆ ವಿನಾಯಿತಿ ಕೇಳುವ ಅವಕಾಶವೂ ಇತ್ತು. 1996ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಂಸತ್ತಿನ ಮುಂದೆ ಮಾಡಿದ ವಾರ್ಷಿಕ ಭಾಷಣದಲ್ಲೇ ಸಮವಸ್ತ್ರವನ್ನು ಬೆಂಬಲಿಸಿದರು. 1999-2000ರಲ್ಲಿ ಅಲ್ಲಿನ ಶೇಕಡಾ 12ರಷ್ಟು ಸರಕಾರಿ ಶಾಲೆಗಳಲ್ಲಿ ಸಮವಸ್ತ್ರವಿತ್ತು. ಇಪ್ಪತ್ತು ವರ್ಷಗಳ ಬಳಿಕ ಅದು ಶೇಕಡಾ 19ರ ಸಮೀಪಕ್ಕೆ ಏರಿತು.

ಸಮವಸ್ತ್ರದಿಂದ ಶಿಸ್ತು ಹೆಚ್ಚಿತೇ? ಅಂಕ ಹೆಚ್ಚಿತೇ? ಲಾಂಗ್ ಬೀಚಿನ ಅಧಿಕಾರಿಗಳು ಹೊಡೆದಾಟ ಕಡಿಮೆಯಾಯಿತೆಂದರು. ಆದರೆ 1998ರಲ್ಲಿ ಬ್ರುನ್ಸ್‌ಮಾ ಮತ್ತು ರಾಕ್‌ಕ್ವೆಮೋರ್ ಎಂಬ ಸಂಶೋಧಕರು ಅಮೆರಿಕದಾದ್ಯಂತ ಸಂಗ್ರಹಿಸಿದ್ದ ಮಾಹಿತಿಯನ್ನು ಪರಿಶೀಲಿಸಿ, ಹಾಜರಾತಿಯಲ್ಲಾಗಲಿ ನಡತೆಯಲ್ಲಾಗಲಿ ಸಮವಸ್ತ್ರದ ನೇರ ಪರಿಣಾಮ ಕಾಣುವುದಿಲ್ಲವೆಂದು ಬರೆದರು. ಬಟ್ಟೆ ತಾನಾಗಿಯೇ ಪಾಠ ಕಲಿಸುವುದಿಲ್ಲವೆಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ಸಮವಸ್ತ್ರದಿಂದ ಪ್ರಯೋಜನವೇ ಇಲ್ಲವೇ? ಇದಕ್ಕೆ ಆಫ್ರಿಕಾದ ಕೆನ್ಯಾ ದೇಶ ಉತ್ತರ ಹೇಳುತ್ತದೆ. ಅಲ್ಲಿ 2003ರಲ್ಲಿ ಪ್ರಾಥಮಿಕ ಶಿಕ್ಷಣದ ಫೀಸು ರದ್ದಾಯಿತು. ಆದರೂ ಸಮವಸ್ತ್ರ ಕೊಳ್ಳುವ ಖರ್ಚು ಹೆತ್ತವರ ತಲೆಯ ಮೇಲೆಯೇ ಉಳಿಯಿತು. 2019ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಅವರು ಪಾಸ್ಕಲಿನ್ ಡುಪಾ ಅವರೊಂದಿಗೆ ಆ ದೇಶದ ಪಶ್ಚಿಮ ಭಾಗದ 328 ಶಾಲೆಗಳಲ್ಲಿ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಕೆಲವು ಶಾಲೆಗಳ ಮಕ್ಕಳಿಗೆ ಸಮವಸ್ತ್ರವನ್ನು ಉಚಿತವಾಗಿ ಕೊಟ್ಟಿದ್ದರು, ಅಷ್ಟೇ. ಆ ಮಕ್ಕಳಲ್ಲಿ ಶಾಲೆ ಬಿಡುವವರ ಸಂಖ್ಯೆ ಕಡಿಮೆಯಾಯಿತು. ಹೆಣ್ಣುಮಕ್ಕಳಲ್ಲಿ ಎಳೆಯ ಪ್ರಾಯದ ಮದುವೆ, ಗರ್ಭಧಾರಣೆಗಳೂ ಇಳಿದವು. ಗಮನಿಸಿ, ಆ ಶಾಲೆಗಳಲ್ಲಿ ಸಮವಸ್ತ್ರ ಮೊದಲೂ ಇತ್ತು. ಹೊಸದಾಗಿ ಬಂದದ್ದು ಅದನ್ನು ಉಚಿತವಾಗಿ ಕೊಡುವ ಕೈ. ಕೊಡುವ ಸಮವಸ್ತ್ರ ಮಗುವನ್ನು ಶಾಲೆಯಲ್ಲಿ ಉಳಿಸುತ್ತದೆ. ಕೇಳುವ ಸಮವಸ್ತ್ರ ಬಡ ಮಗುವನ್ನು ಮನೆಯಲ್ಲಿ ಕೂರಿಸುತ್ತದೆ.

ಬಡತನದಂತೆಯೇ ಧರ್ಮದ ವಿಷಯದಲ್ಲೂ ಸಮವಸ್ತ್ರ ಹಲವೆಡೆ ಪರೀಕ್ಷೆಗೊಳಗಾಗಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಒಬ್ಬ ಸಿಖ್ ಹುಡುಗನಿಗೆ, ಪೇಟ ತೆಗೆಯದಿದ್ದರೆ ಸಮವಸ್ತ್ರದ ನಿಯಮ ಮುರಿದಂತೆ ಎಂದು ಖಾಸಗಿ ಶಾಲೆಯೊಂದು ಪ್ರವೇಶ ನಿರಾಕರಿಸಿತು. 1983ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹುಡುಗನ ಪರವಾಗಿ ತೀರ್ಪಿತ್ತಿತು. ಅಮೆರಿಕದ ಒಕ್ಲಹೋಮಾ ರಾಜ್ಯದಲ್ಲಿ 2003ರಲ್ಲಿ ತಲೆವಸ್ತ್ರ ತೊಟ್ಟ ಹನ್ನೊಂದು ವರ್ಷದ ಬಾಲಕಿಯನ್ನು ಸರಕಾರಿ ಶಾಲೆ ಹೊರಗಿಟ್ಟಾಗ ಕೇಂದ್ರ ಸರಕಾರದ ನ್ಯಾಯ ಇಲಾಖೆಯೇ ಆಕೆಯ ಪರ ನಿಂತಿತು. 2004ರಲ್ಲಿ ಶಾಲೆಯ ನಿಯಮ ಬದಲಾಯಿತು. ಅದೇ 2004ರಲ್ಲಿ ಫ್ರಾನ್ಸ್ ಇದಕ್ಕೆ ತದ್ವಿರುದ್ಧ ಹಾದಿ ಹಿಡಿದು, ಸರಕಾರಿ ಶಾಲೆಗಳಲ್ಲಿ ಎದ್ದುಕಾಣುವ ಧಾರ್ಮಿಕ ಚಿಹ್ನೆಗಳನ್ನು ಕಾನೂನಿನ ಮೂಲಕ ನಿಷೇಧಿಸಿತು. ವಿಚಿತ್ರವೆಂದರೆ ಆಗ ಫ್ರಾನ್ಸಿನ ಸರಕಾರಿ ಶಾಲೆಗಳಲ್ಲಿ ಸಮವಸ್ತ್ರವೇ ಇರಲಿಲ್ಲ. ಅಂದರೆ ಸಮವಸ್ತ್ರ ಬೇಕೇ ಎಂಬ ಪ್ರಶ್ನೆ ಬೇರೆ, ತಲೆವಸ್ತ್ರಕ್ಕೆ ಜಾಗ ಉಂಟೇ ಎಂಬ ಪ್ರಶ್ನೆ ಬೇರೆ. ಎರಡನ್ನೂ ಬೆರೆಸಿದರೆ ಗೊಂದಲ ಖಂಡಿತ.

ಈಗ ನಮ್ಮ ಮನೆಯ ವಿಷಯ. ಕರ್ನಾಟಕ ಶಿಕ್ಷಣ ಕಾಯ್ದೆ 1983ರದ್ದು. ಅದರಡಿಯಲ್ಲಿ 1995ರಲ್ಲಿ ಮಾಡಿದ ನಿಯಮಗಳಲ್ಲಿ ಒಂದು ಒಳ್ಳೆಯ ಮಾತಿದೆ. ಶಾಲೆಯೊಂದು ಸಮವಸ್ತ್ರ ನಿಗದಿಪಡಿಸಿದ ಮೇಲೆ ಐದು ವರ್ಷ ಅದನ್ನು ಬದಲಿಸುವಂತಿಲ್ಲ. ಬದಲಿಸುವುದಾದರೆ ಪೋಷಕರಿಗೆ ಕನಿಷ್ಠ ಒಂದು ವರ್ಷ ಮೊದಲು ತಿಳಿಸಬೇಕು. ಅಣ್ಣನ ಅಂಗಿ ತಮ್ಮನಿಗಾಗುವ ಮನೆಗಳನ್ನು ಬಲ್ಲವರಿಗೆ ಈ ನಿಯಮದ ಬೆಲೆ ಗೊತ್ತು. ವಿದ್ಯಾವಿಕಾಸ ಯೋಜನೆಯಡಿ ನಮ್ಮ ಸರಕಾರಿ ಶಾಲೆಗಳ ಮಕ್ಕಳಿಗೆ ಪಠ್ಯಪುಸ್ತಕದೊಂದಿಗೆ ಸಮವಸ್ತ್ರವನ್ನೂ ಉಚಿತವಾಗಿ ಕೊಡಲಾಯಿತು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಬಳಿಕ ಅದು ದಾನವಾಗಿ ಉಳಿಯದೆ ಮಗುವಿನ ಹಕ್ಕಾಯಿತು. ಆದರೂ ಬಟ್ಟೆ ಸಕಾಲಕ್ಕೆ ಬರುತ್ತಿಲ್ಲ ಎಂಬ ದೂರು ಹೈಕೋರ್ಟಿನವರೆಗೆ ಹೋಯಿತು. ಎರಡು ಜೊತೆ ಸಮವಸ್ತ್ರ, ಶೂ, ಸಾಕ್ಸ್ ಕೊಡಬೇಕೆಂದು 2019ರಲ್ಲಿ ಕೊಟ್ಟ ಆದೇಶ ಪಾಲನೆಯಾಗದ್ದಕ್ಕೆ 2023ರಲ್ಲಿ ನ್ಯಾಯಾಲಯ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು.

2022ರ ಘಟನೆಗಳು ನಿಮಗೆ ತಿಳಿದೇ ಇವೆ. ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ತಲೆವಸ್ತ್ರ ತೊಟ್ಟ ವಿದ್ಯಾರ್ಥಿನಿಯರಿಗೆ ತರಗತಿಯ ಬಾಗಿಲು ಮುಚ್ಚಿತು. ಬೇರೆ ಕಾಲೇಜುಗಳಲ್ಲಿ ಕೇಸರಿ ಶಾಲುಗಳು ಬಂದವು. ಫೆಬ್ರವರಿ 5ರಂದು ಸಮವಸ್ತ್ರದ ಬಗ್ಗೆ ಸರಕಾರಿ ಆದೇಶ ಹೊರಟಿತು. ಮಾರ್ಚ್ 15ರಂದು ಹೈಕೋರ್ಟಿನ ತ್ರಿಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟಿನ ತೀರ್ಪನ್ನು ಒಪ್ಪಿದರೆ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಒಪ್ಪಲಿಲ್ಲ. ಹೆಣ್ಣುಮಗಳ ವಿದ್ಯಾಭ್ಯಾಸವೇ ತಮ್ಮ ಮನಸ್ಸಿನಲ್ಲಿ ಮೊದಲು ನಿಂತ ವಿಷಯವೆಂದು ಅವರು ಹೇಳಿದರು. ಹೀಗೆ ಭಿನ್ನ ತೀರ್ಪು ಬಂದು, ವಿಷಯವನ್ನು ವಿಸ್ತೃತ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲಾಯಿತು. ಕಾನೂನಿನ ಪ್ರಶ್ನೆ ಇತ್ಯರ್ಥವಾಗುವ ಮೊದಲೇ ಹಲವು ಹುಡುಗಿಯರ ತರಗತಿಗಳು ತಪ್ಪಿದವು, ಕೆಲವರ ಪರೀಕ್ಷೆಗಳೂ ತಪ್ಪಿದವು. ಹೋದ ವರ್ಷವನ್ನು ಅವರಿಗೆ ಯಾರೂ ಮರಳಿಸಲಾರರು.

ಹೊಂದಿಸಿಕೊಳ್ಳುವ ದಾರಿ ಇರಲಿಲ್ಲವೆನ್ನುವಂತಿಲ್ಲ. ಕೇಂದ್ರೀಯ ವಿದ್ಯಾಲಯಗಳು 2012ರಲ್ಲಿ ಹೊಸ ಸಮವಸ್ತ್ರ ತಂದಾಗ ಸಿಖ್ ಹುಡುಗರ ಪೇಟಕ್ಕೂ ಮುಸ್ಲಿಂ ಹುಡುಗಿಯರ ತಲೆವಸ್ತ್ರಕ್ಕೂ ಸಮವಸ್ತ್ರದ್ದೇ ಬಣ್ಣ ಹೇಳಿದ್ದವು. ಅದರಿಂದ ಸಮವಸ್ತ್ರದ ಸಮತ್ವವೇನೂ ಕೆಡಲಿಲ್ಲ.

ಹಾಗಾದರೆ ಸರಕಾರಿ ಶಾಲೆಗೆ ಸಮವಸ್ತ್ರ ಬೇಕೇ? ಬೇಕು ಎಂದೇ ನನ್ನ ಅಭಿಪ್ರಾಯ. ಕೂಲಿಯವನ ಮಗಳೂ ಅಧಿಕಾರಿಯ ಮಗಳೂ ಒಂದೇ ಬೆಂಚಿನಲ್ಲಿ ಒಂದೇ ಬಣ್ಣದಲ್ಲಿ ಕುಳಿತರೆ ಅದು ಚೆಂದ. ಆದರೆ ಮೂರು ಮಾತುಗಳು ನಡೆಯಬೇಕು. ಮೊದಲನೆಯದಾಗಿ, ಸಮವಸ್ತ್ರ ಉಚಿತವಾಗಿ, ಶಾಲೆ ಆರಂಭವಾಗುವ ಮೊದಲೇ ಮಗುವಿನ ಕೈ ಸೇರಬೇಕು. ಎರಡನೆಯದಾಗಿ, ಅದು ಮತ್ತೆ ಮತ್ತೆ ಬದಲಾಗಬಾರದು. ಮೂರನೆಯದಾಗಿ, ತಲೆವಸ್ತ್ರಕ್ಕೂ ಪೇಟಕ್ಕೂ ಅದರ ಬಣ್ಣದಲ್ಲೇ ಜಾಗವಿರಬೇಕು. ಸಮವಸ್ತ್ರದ ಕಾರಣಕ್ಕೆ ಯಾವ ಮಗುವನ್ನೂ ಗೇಟಿನ ಹೊರಗೆ ನಿಲ್ಲಿಸಬಾರದು.

ಈ ಮಾತುಗಳನ್ನು ಸರಕಾರಕ್ಕೆ ಹೇಳುವ ನಾವು ನಮ್ಮ ಸಮುದಾಯದ ಶಿಕ್ಷಣ ಸಂಸ್ಥೆಗಳಿಗೂ ಹೇಳಬೇಡವೇ? ವಾರಕ್ಕೆರಡು ಬಗೆಯ ಸಮವಸ್ತ್ರ, ಟೈ, ಬೆಲ್ಟು, ಅದೂ ಇಂಥದ್ದೇ ಅಂಗಡಿಯಲ್ಲಿ ಕೊಳ್ಳಬೇಕೆಂಬ ಕಟ್ಟಳೆ ನಮ್ಮಲ್ಲೂ ಇದ್ದರೆ ಅದನ್ನು ಇಂದೇ ಬಿಡೋಣ. ನಿಮ್ಮ ನೆರೆಹೊರೆಯಲ್ಲಿ ಬಟ್ಟೆಯ ಕಾರಣಕ್ಕೆ ಶಾಲೆ ತಪ್ಪಿಸಿದ ಮಗು ಇದೆಯೇ ವಿಚಾರಿಸಿ. ಸರಕಾರಿ ಶಾಲೆಯ ಮಗುವಿಗೆ ಸಮವಸ್ತ್ರ ಬಾರದಿದ್ದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೇಳಿ. ಕೇಳುವ ಹಕ್ಕು ನಿಮಗಿದೆ. 2022ರಲ್ಲಿ ಓದು ನಿಲ್ಲಿಸಿದ ಹೆಣ್ಣುಮಗಳು ನಿಮ್ಮ ಮೊಹಲ್ಲಾದಲ್ಲಿದ್ದರೆ ಆಕೆಯ ಮನೆಗೆ ಹೋಗಿ, ಖಾಸಗಿಯಾಗಿ ಪರೀಕ್ಷೆಗೆ ಕೂರುವ ದಾರಿಯನ್ನಾದರೂ ತಿಳಿಸಿ. ಬೀದಿಯ ಮಕ್ಕಳಿಗೆ ಬಟ್ಟೆ ತೊಡಿಸಿ ತರಗತಿಗೆ ಕರೆತಂದ ಕೈಗಳಿಂದ ಶುರುವಾದ ಪದ್ಧತಿಯಿದು. ಆ ಕೆಲಸ ನಮ್ಮ ಊರಿನಲ್ಲಿ ಇನ್ನೂ ಬಾಕಿಯಿದೆ.