ಎಣಿಸಿದ್ದು ಎಷ್ಟಾಯ್ತು?
(ರಾತ್ರಿ ಶಾಲೆಗಳ ಚರಿತ್ರೆಯಿಂದ ಒಂದು ಅಧ್ಯಾಯ)

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಮೇಷ್ಟ್ರೇ ಎಂದು ಕಾರ್ಯದರ್ಶಿಗಳು ಮನೆಗೇ ಬಂದು ಕೇಳಿದರು. ಸಂಘದ ಚರಿತ್ರೆ ಬರೆಯಲು ನನಗಿಂತ ಬಲ್ಲವರಿದ್ದಾರೆ. ನನಗೆ ಗೊತ್ತಿರುವುದು ರಾತ್ರಿ ಶಾಲೆಯ ವಿಷಯ. ಅದಕ್ಕೂ ಸಂಘಕ್ಕೂ ಏನು ನಂಟು ಅಂತ ಕೇಳುವವರು ಸ್ವಲ್ಪ ತಾಳ್ಮೆಯಿಂದ ಓದಬೇಕು.

1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ದೇಶದಲ್ಲೆಲ್ಲ ಶುರುವಾಯಿತು. 15ರಿಂದ 35 ವರ್ಷದ ಹತ್ತು ಕೋಟಿ ಜನಕ್ಕೆ ಐದು ವರ್ಷದಲ್ಲಿ ಅಕ್ಷರ ಕಲಿಸಬೇಕೆಂಬ ಗುರಿ. ಒಂದೆರಡು ವರ್ಷದ ಮೇಲೆ ನಾನೂ ಒಂದು ಕೇಂದ್ರದ ಬೋಧಕನಾದೆ. ಲಾಟೀನು, ಸ್ಲೇಟು, ಬಳಪ ಕೈಗೆ ಬರುವ ಮೊದಲು ಒಂದು ಕಟ್ಟು ಫಾರಂ ಬಂತು. ಮನೆ ಮನೆಗೆ ಹೋಗಿ ತುಂಬಿಸಬೇಕಿತ್ತು. ಹೀಗೆ ಬರೆದುಕೊಳ್ಳುತ್ತಾ ಹೋದಾಗ ಕೇರಿಯ ಕೊನೇ ಮನೆಯ ಅಜ್ಜಿ ಮೊರ ಕೆಳಗಿಟ್ಟು ಕೇಳಿದರು: "ಅಲ್ಲ ಕಣಪ್ಪಾ, ಆವತ್ತೊಬ್ಬ ಬಂದು ದನ ಎಣಿಸ್ಕೊಂಡು ಹೋದ. ಇನ್ನೊಬ್ಬ ಬಂದು ಮಕ್ಕಳ್ನ ಎಣಿಸ್ಕೊಂಡು ಹೋದ. ಈಗ ನೀನು ಬಂದಿದ್ದೀಯ. ಎಣಿಸಿದ್ದು ಎಷ್ಟಾಯ್ತು ಅಂತ ಒಬ್ರಾದ್ರೂ ಬಂದು ನಮಗೆ ಹೇಳಿದ್ರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಫಾರಂಗಳನ್ನು ಮೇಲಕ್ಕೆ ಕಳಿಸಿದೆ. ಅವು ಎಲ್ಲಿಗೆ ಹೋದವೋ ಇವತ್ತಿಗೂ ಗೊತ್ತಿಲ್ಲ. ಆ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಅದೇ ಪ್ರಶ್ನೆ ಅದಕ್ಕೆ ಕೆಲವು ವರ್ಷ ಮೊದಲೇ ಸಮುದ್ರದಾಚೆ ಎದ್ದಿತ್ತು, ಅದಕ್ಕೊಂದು ಹೆಸರೂ ಬಂದಿತ್ತು ಎನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ.

ವಯಸ್ಕರ ಶಿಕ್ಷಣ ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರು ಸಂಸ್ಥಾನದಲ್ಲಿ 1941ರ ಹೊತ್ತಿಗೇ ಸಾಕ್ಷರತೆಯ ಕೆಲಸಕ್ಕೆ ಸಮಿತಿ ಹುಟ್ಟಿತು. ಡೆನ್ಮಾರ್ಕಿನ ಜನತಾ ಶಾಲೆಗಳ ಮಾದರಿಯಲ್ಲಿ ನಂಜನಗೂಡಿನಲ್ಲಿ 1947ರಲ್ಲಿ ವಿದ್ಯಾಪೀಠ ನಡೆಯತೊಡಗಿತು. ಹೊಸದಾಗಿ ಓದು ಕಲಿತವರಿಗಾಗಿ 'ಬೆಳಕು' ಪತ್ರಿಕೆ ಬರುತ್ತಿತ್ತು. ದೊಡ್ಡ ಕೆಲಸವೇ. ಆದರೆ ಏನು ಕಲಿಸಬೇಕು ಎನ್ನುವುದನ್ನು ಬಹುಮಟ್ಟಿಗೆ ಕಲಿಸುವವರೇ ಗೊತ್ತು ಮಾಡುತ್ತಿದ್ದ ಕಾಲ ಅದು. ಪ್ರಪಂಚದಲ್ಲೆಲ್ಲ ಹಾಗೇ ಇತ್ತು.

ಇದನ್ನು ತಿರುವಿ ಹಾಕಿದವರಲ್ಲಿ ಬ್ರೆಜಿಲ್ ದೇಶದ ಪಾಲೊ ಫ್ರೇರೆ ಮುಖ್ಯರು. 1963ರಲ್ಲಿ ಆಂಜಿಕೋಸ್ ಎಂಬ ಸಣ್ಣ ಊರಿನಲ್ಲಿ ಸುಮಾರು 300 ಮಂದಿ ಕೂಲಿಕಾರರಿಗೆ 40 ಗಂಟೆಗಳಲ್ಲಿ ಓದು ಬರಹ ಕಲಿಸುವ ಪ್ರಯೋಗ ನಡೆಯಿತು. ಅಲ್ಲಿ ಅ ಆ ಇ ಈ ಇಂದ ಶುರು ಮಾಡಲಿಲ್ಲ. ಮೊದಲು ಊರಿನಲ್ಲಿ ಕೂತು ಜನ ದಿನಾ ಆಡುವ ಮಾತುಗಳನ್ನೇ ಹುಡುಕಿ, ಅವುಗಳಿಂದಲೇ ಪಾಠ ಕಟ್ಟಿದರು. ಇಟ್ಟಿಗೆ ಹೊರುವವನಿಗೆ 'ಇಟ್ಟಿಗೆ' ಎಂಬ ಮಾತೇ ಪಾಠ. ಅದನ್ನು ಬಿಡಿಸಿ ಓದುವಾಗಲೇ ಇಟ್ಟಿಗೆ ಯಾರದು, ಮನೆ ಯಾರದು ಎಂಬ ಮಾತೂ ಬರುತ್ತಿತ್ತು. ಮರುವರ್ಷ ಸೈನ್ಯ ಅಧಿಕಾರ ಹಿಡಿಯಿತು, ಫ್ರೇರೆ ಜೈಲಿಗೆ ಹೋದರು, ಆಮೇಲೆ ದೇಶವನ್ನೇ ಬಿಡಬೇಕಾಯಿತು. ಅಕ್ಷರ ಕಲಿಸಿದ್ದಕ್ಕೆ ಇಂಥ ಬಹುಮಾನ!

ಅವರು 1971ರಲ್ಲಿ ಆಫ್ರಿಕಾದ ತಾಂಜಾನಿಯಾಕ್ಕೆ ಬಂದರು. ಅಲ್ಲಿನ ಅಧ್ಯಕ್ಷ ಜೂಲಿಯಸ್ ನೈರೇರೆ ಸ್ವತಃ ಮೇಷ್ಟ್ರಾಗಿದ್ದವರು. ಜನ ಅವರನ್ನು ಕರೆಯುತ್ತಿದ್ದುದೇ 'ಮ್ವಾಲಿಮು' ಎಂದು, ಅಂದರೆ ಗುರುಗಳು. ವಯಸ್ಕರ ಶಿಕ್ಷಣವೆಂದರೆ ಅವರಿಗೆ ಬಹಳ ಆಸ್ಥೆ. 1973ರಲ್ಲಿ ರೇಡಿಯೋ ಮೂಲಕ ನಡೆದ ಆರೋಗ್ಯ ಪಾಠಗಳಿಗೆ ಸುಮಾರು 20 ಲಕ್ಷ ಜನ ಗುಂಪು ಗುಂಪಾಗಿ ಕೂತು ಕಿವಿಗೊಟ್ಟರು, ಎದ್ದುಹೋಗಿ ಕಕ್ಕಸು ಗುಂಡಿ ತೋಡಿದರು.

ಅಲ್ಲಿನ ವಯಸ್ಕರ ಶಿಕ್ಷಣ ಸಂಸ್ಥೆಯಲ್ಲಿ ಬಡ್ ಹಾಲ್ ಎಂಬ ತರುಣ ಸಂಶೋಧಕರಿದ್ದರು. ಹಳ್ಳಿ ಹಳ್ಳಿಗೆ ಪ್ರಶ್ನಾವಳಿ ಹಿಡಿದು ಹೋಗುವುದು ಅವರ ಕೆಲಸ, ನನ್ನ ಹಾಗೇ. ಹಗಲೆಲ್ಲ ಫಾರಂ ತುಂಬಿಸಿ ಸಿಕ್ಕಿದ್ದಕ್ಕಿಂತ ಹೆಚ್ಚು ತಿಳಿವಳಿಕೆ ಹೆಂಡದಂಗಡಿಯಲ್ಲಿ ಜನರ ಜೊತೆ ಹರಟೆ ಹೊಡೆಯುವಾಗ ಸಿಕ್ಕಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹರಟೆಯಲ್ಲಿ ಜನ ತಿರುಗಿ ಕೇಳುತ್ತಾರೆ, ತಮ್ಮ ತಮ್ಮಲ್ಲೇ ವಾದ ಮಾಡುತ್ತಾರೆ. ಫಾರಂನಲ್ಲಿ ಅದಕ್ಕೆ ಜಾಗವಿಲ್ಲ. ಫಿನ್ಲೆಂಡಿನ ಮಾರ್ಯಾ ಲೀಸಾ ಸ್ವಾಂಟ್ಸ್ ಎಂಬ ಹೆಂಗಸು ಅದೇ ದೇಶದ ಕರಾವಳಿ ಹಳ್ಳಿಗಳಲ್ಲಿ ಇದೇ ದಾರಿ ಹಿಡಿದಿದ್ದರು. 1975ರಲ್ಲಿ ಹಾಲ್ ಈ ಬಗ್ಗೆ ಬರೆದ ಮೇಲೆ 'ಸಹಭಾಗಿ ಸಂಶೋಧನೆ' ಎಂಬ ಹೆಸರು ಲೋಕದಲ್ಲೆಲ್ಲ ಹರಡಿತು. ಊರಿನ ಕಷ್ಟವನ್ನು ಊರಿನವರೇ ಹುಡುಕಿ, ಅಳೆದು, ಪರಿಹಾರವನ್ನೂ ತಾವೇ ಆರಿಸಿಕೊಳ್ಳುವುದು, ಹೊರಗಿನವರು ಜೊತೆಗಿರುವುದು. ಇಷ್ಟೇ ಅದರ ಅರ್ಥ.

ನಮ್ಮಂಥ ಒಕ್ಕಲು ಮಕ್ಕಳಿಗೆ ಹಿಡಿಸುವ ಒಂದು ಉದಾಹರಣೆ ಅಲ್ಲಿಂದಲೇ ಹೇಳುತ್ತೇನೆ. ಮೊರೊಗೊರೊ ಪ್ರಾಂತದ ಬ್ವಾಕಿರಾ ಚಿನಿ ಎಂಬ ಹಳ್ಳಿ. ಬೆಳೆದ ಕಾಳು ಮನೆ ಸೇರಿದ ಮೇಲೆ ಹುಳು, ಇಲಿ ಪಾಲಾಗುತ್ತಿತ್ತು. ಸಾಮಾನ್ಯವಾಗಿ ಇಂಥ ಕಡೆ ಪಟ್ಟಣದಿಂದ ಒಂದು ನಮೂನೆ ಉಗ್ರಾಣ ತಂದು ನಿಲ್ಲಿಸಿ, ಉದ್ಘಾಟನೆ ಮಾಡಿ ಹೋಗುತ್ತಾರೆ. 1970ರ ದಶಕದ ನಡುವೆ ಇಲ್ಲಿಗೆ ಬಂದವರು ಹಾಗೆ ಮಾಡಲಿಲ್ಲ. ಊರಿನವರದೇ ಒಂದು ಸಮಿತಿಯಾಯಿತು. ನಷ್ಟಕ್ಕೆ ಕಾರಣ ಏನು, ಹಳೆಯ ಕಣಜದಲ್ಲಿ ಒಳ್ಳೆಯದೇನು, ಕೆಟ್ಟದ್ದೇನು ಎಂದು ಕೂತು ಮಾತಾಡಿದರು. ರೈತರಿಗೆ ತಮ್ಮ ಕಣಜದ ಗುಣ ಗೊತ್ತಿತ್ತು, ಬಂದವರಿಗೆ ಬೇರೆ ಕಡೆಯ ಉಪಾಯಗಳು ಗೊತ್ತಿದ್ದವು. ಕೊನೆಗೆ ಹೊರಗಿನ ನಮೂನೆಯನ್ನು ಹೇರದೆ ಊರಿನ ಕಣಜವನ್ನೇ ಸುಧಾರಿಸಿದರು. ನಮ್ಮಲ್ಲಿ ಹಗೇವು ಮುಚ್ಚಿಹೋದಾಗ ಯಾರಾದರೂ ಹೀಗೆ ಕೂತು ವಿಚಾರ ಮಾಡಿದ್ದರೆ ಎಂದು ನನಗೆ ಅನ್ನಿಸುವುದುಂಟು.

ಈ ವಿಚಾರ ನಮ್ಮ ದೇಶದಲ್ಲೂ ಬೇರು ಬಿಟ್ಟಿತು. ರಾಜೇಶ್ ಟಂಡನ್ ಅವರು 1982ರಲ್ಲಿ ದೆಹಲಿಯಲ್ಲಿ 'ಪ್ರಿಯಾ' ಎಂಬ ಸಂಸ್ಥೆಯನ್ನೇ ಇದಕ್ಕಾಗಿ ಕಟ್ಟಿದರು. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಪಾಠ ಓದಿದ ದೂಬಗುಂಟ ಗ್ರಾಮದ ಹೆಂಗಸರು ತಮ್ಮೂರಿನ ಸಾರಾಯಿಯ ಮೇಲೇ ತಿರುಗಿಬಿದ್ದರು. 1992ರಲ್ಲಿ ಅದು ರಾಜ್ಯಕ್ಕೆಲ್ಲ ಹಬ್ಬಿತು, 1993ರ ಅಕ್ಟೋಬರ್ 1ರಿಂದ ಅಲ್ಲಿ ಸಾರಾಯಿ ಬಂದ್ ಆಯಿತು. ಕರ್ನಾಟಕದಲ್ಲಿ 1989ರ ಸುಮಾರಿಗೆ ಮೈರಾಡ ಸಂಸ್ಥೆಯವರೂ ಇಂಗ್ಲೆಂಡಿನ ರಾಬರ್ಟ್ ಚೇಂಬರ್ಸ್ ಅವರೂ ಹಳ್ಳಿಯವರ ಕೈಲೇ ನೆಲದ ಮೇಲೆ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಸತೊಡಗಿದರು. ಪೆನ್ನು ಹಿಡಿಯಲು ಅಂಜುವ ಕೈ ರಂಗೋಲಿ ಹಿಡಿಯಲು ಅಂಜುವುದಿಲ್ಲವಲ್ಲ! ಒಳ್ಳೆಯ ಉಪಾಯ. ಆದರೆ ಮುಂದೆ ಕೆಲವು ಕಡೆ ಇದೂ ಶಾಸ್ತ್ರಕ್ಕೆ ಇಳಿಯಿತು. ನಕ್ಷೆಯನ್ನು ಕಾಗದಕ್ಕೆ ಇಳಿಸಿಕೊಂಡು ಕಾಗದ ಜೀಪು ಹತ್ತಿತು. ನೆಲದ ಮೇಲಿನದನ್ನು ಮಾರನೇ ಬೆಳಿಗ್ಗೆ ದನ ತುಳಿದವು. ಅಜ್ಜಿಯ ಪ್ರಶ್ನೆ ಇದ್ದಲ್ಲೇ ಉಳಿಯಿತು.

ಆ ಅಜ್ಜಿ ಕೇಳಿದ ಮೇಲೆ ನಮ್ಮ ರಾತ್ರಿ ಶಾಲೆಯಲ್ಲಿ ಏನಾಯಿತು ಎಂದು ಹೇಳಿಬಿಡುತ್ತೇನೆ. ಒಂದು ರಾತ್ರಿ ಪುಸ್ತಕ ಮುಚ್ಚಿಟ್ಟು, ಏನು ಎಣಿಸೋಣ ನೀವೇ ಹೇಳಿ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು "ರಾಗಿ ಸಾಲ" ಎಂದರು. ಮಳೆಗಾಲದಲ್ಲಿ ಒಂದು ಪಲ್ಲ ತಂದರೆ ಸುಗ್ಗಿಯಲ್ಲಿ ಒಂದೂವರೆ ಪಲ್ಲ ಅಳೆಯಬೇಕಾಗಿದ್ದ ಕಾಲ. ಹೆಚ್ಚಿಗೆ ಅಳೆದ ಒಂದೊಂದು ಸೇರಿಗೆ ಒಂದೊಂದು ಹುಣಿಸೆ ಬೀಜ ಎಂದು ಗೊತ್ತು ಮಾಡಿದೆವು. ಮೂರು ರಾತ್ರಿ ಹಿಡಿಯಿತು. ಹೇಳಲು ನಾಚಿಕೊಂಡವರು ಕತ್ತಲಲ್ಲಿ ಬಂದು ಬೀಜ ಹಾಕಿ ಹೋದರು. ತಮ್ಮ ಮನೆಯ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಊರಿನ ಲೆಕ್ಕ ಯಾರಿಗೂ ಗೊತ್ತಿರಲಿಲ್ಲ. ಲಾಟೀನಿನ ಬೆಳಕಲ್ಲಿ ಆ ರಾಶಿ ನೋಡಿ ಅಜ್ಜಿ "ಇಷ್ಟೊಂದಾ?" ಎಂದರು, ಅಷ್ಟೇ.

ಮರುದಿನವೇ ಏನೂ ಬದಲಾಗಲಿಲ್ಲ. ಸಾಲ ತರುವುದೂ ಸುಗ್ಗಿಯಲ್ಲಿ ಅಳೆಯುವುದೂ ಇನ್ನೆಷ್ಟೋ ವರ್ಷ ನಡೆಯಿತು. ಸಂಘ ಹುಟ್ಟಿದ್ದು ಬಹಳ ವರ್ಷದ ಮೇಲೆ. ಷೇರು ಹಣ ಕಟ್ಟಲು ಮೊದಲ ದಿನ ಸಾಲಿನಲ್ಲಿ ನಿಂತವರಲ್ಲಿ ಆ ಮೂರು ರಾತ್ರಿ ಬೀಜ ಹಾಕಿದವರು ಕೆಲವರಿದ್ದರು. ಅಜ್ಜಿ ಆಗ ಇರಲಿಲ್ಲ. ಅವರ ಸೊಸೆ ಬಂದಿದ್ದರು. ರಸೀತಿ ಕೈಗೆ ಬಂದಾಗ ಮಡಚಿ ಸೆರಗಿಗೆ ಕಟ್ಟಿಕೊಳ್ಳದೆ, ಅಲ್ಲೇ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿ, "ಹ್ಞೂ, ಸರಿ ಐತೆ" ಎಂದು ಹೇಳಿ ಹೋದರು.